ಹತಾರಿ, ಹತ್ರಿ

"ಎಚ್ಚರಿಕೆಯ ಕೂಗನ್ನು ಕೇಳಿ, ಅರ್ಥಮಾಡಿಕೊಂಡು, ನನ್ನನ್ನು ಮೇಲಕ್ಕೆಳೆದುಕೊಂಡ ಗೆಳತಿಗೆ."

ಒಂದು ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಬರಬೇಕಾಗಿದ್ದ ಸಾಲು ಇದು. ಮೂಲ ಇಂಗ್ಲಿಷಿನಲ್ಲಿತ್ತು. ಗೆಳತಿ ಎಂದರೆ ನಾನು. ಆ ಪುಸ್ತಕವನ್ನು ತಿದ್ದಿ, ಟೈಪು ಮಾಡಿ, ಅಮೆರಿಕದ ಒಂದು ಸಣ್ಣ ಊರಿನ ಲೈಬ್ರರಿಗೆ ಅಚ್ಚು ಹಾಕಿಸಲು ಕಳಿಸಬೇಕಾದವಳೂ ನಾನೇ. ಸಾಲಿನಲ್ಲಿ ಮೂರು ಮಾತುಗಳಿವೆ. ಕೂಗು ಕೇಳಿದ್ದು ನಿಜ. ಮೇಲಕ್ಕೆಳೆದುಕೊಂಡದ್ದೂ ನಿಜ. ನಡುವಿನ ಒಂದು ಮಾತಿನ ಹಿಂದಿನ ಸಂಗತಿ ಮಾತ್ರ ಮೂರು ವಾರ ನನ್ನನ್ನು ನೆಟ್ಟಗೆ ಊಟ ಮಾಡಲು ಬಿಡಲಿಲ್ಲ.

ಪುಸ್ತಕ ಬರೆದವರು ಎಪ್ಪತ್ತಾರು ವರ್ಷದ ನಿವೃತ್ತ ಶಿಕ್ಷಕಿ. ಅಪಲೇಚಿಯ ಬೆಟ್ಟಗಳ ಸಂದಿನಲ್ಲಿ, ರೈಲು ಮತ್ತು ಕಲ್ಲಿದ್ದಲಿನಿಂದ ಹುಟ್ಟಿದ ಒಂದು ಪುಟ್ಟ ಊರಿನವರು; ಪುಸ್ತಕ ಆ ಊರಿನ ಚರಿತ್ರೆ. ಈಗ ನೈರೋಬಿಯ ರಿವರ್‌ಸೈಡಿನಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅದೇ ರಸ್ತೆಯ ಕಚೇರಿಯೊಂದರಲ್ಲಿ ನಾನು ವರದಿಗಳ ಇಂಗ್ಲಿಷ್ ತಿದ್ದುತ್ತೇನೆ. ಅವರ ಮಗಳು ನನ್ನ ಸಹೋದ್ಯೋಗಿ. ಅಮ್ಮನ ಕೈಬರಹವನ್ನು ಸಿಟ್ಟು ಮಾಡಿಕೊಳ್ಳದೆ ಓದುವವರು ಯಾರಾದರೂ ಬೇಕು ಎಂದು ಆಕೆ ಒಂದು ದಿನ ಕೇಳಿದಾಗ ಒಪ್ಪಿಕೊಂಡೆ. ಆಮೇಲೆ ಪ್ರತಿ ಗುರುವಾರ ಮಧ್ಯಾಹ್ನ ಅವರ ಊಟದ ಮೇಜೇ ನಮ್ಮ ಕಚೇರಿಯಾಯಿತು.

ಮೊದಲ ದಿನವೇ ಅವರು ನನ್ನನ್ನು 'ಹನಿ' ಎಂದು ಕರೆದರು. ಜೇನು ಎಂಬ ಅರ್ಥದ ಪ್ರೀತಿಯ ಮಾತು ಅದು, ಗೊತ್ತು. ಆದರೂ ನನ್ನ ಕಿವಿಗೆ ಬಿದ್ದದ್ದು ನೀರಿನ ಹನಿ. ನನ್ನ ಕಿವಿಯೇ ಹಾಗೆ. ಹುಬ್ಬಳ್ಳಿಯ ರೈಲ್ವೇ ಕಾಲೊನಿಯಲ್ಲಿ ಬೆಳೆದೆ, ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದೆ, ಗಂಡನ ಕೆಲಸದ ಹಿಂದೆ ನೈರೋಬಿಗೆ ಬಂದು ಆರು ವರ್ಷವಾಯಿತು. ಇಷ್ಟಾದರೂ ಹೊರಗಿನ ಶಬ್ದ ಮೊದಲು ಹುಬ್ಬಳ್ಳಿಗೆ ಹೋಗಿ, ಅಲ್ಲಿ ಒಂದು ಸುತ್ತು ಹಾಕಿ, ಆಮೇಲೆ ನನ್ನ ತಲೆಗೆ ಬರುತ್ತದೆ. ಅವರ ಬೆಟ್ಟದ ಇಂಗ್ಲಿಷು, ಆ ಎಳೆದೆಳೆದು ಆಡುವ ಮಾತು, ನನಗೆ ನಮ್ಮ ಕಡೆಯ ಮಾತಿನಂತೆಯೇ ಕೇಳಿಸುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

"ಮೊದಲ ಅಲ್ಲಿ ಊರ ಇರಲಿಲ್ಲ, ಹನಿ. ಎರಡು ಗುಡ್ಡದ ನಡುವ ಹೊಳಿ ಹೊಳ್ಳತಿತ್ತು, ಅಷ್ಟ."

ಹೊಳೆ ಹೊರಳುವಲ್ಲಿ ಆಟದ ಮೈದಾನದಷ್ಟು ಸಮತಟ್ಟು ಜಾಗ ಉಳಿದಿತ್ತು. ರೈಲುದಾರಿಯ ಅಳತೆಗೆ ಬಂದವರು ಅಲ್ಲಿ ಡೇರೆ ಹೊಡೆದರು, ಬೇರೆಲ್ಲೂ ಡೇರೆಯ ಗೂಟ ನಿಲ್ಲುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಹಳಿ ಬಂತು. ಮುಂದಿನ ಏರು ಹತ್ತುವ ಮುಂಚೆ ಎಂಜಿನ್ನಿಗೆ ನೀರು ಬೇಕು. ಮರದ ಕಾಲುಗಳ ಮೇಲೆ ಒಂದು ತೊಟ್ಟಿ ಎದ್ದಿತು. ತೊಟ್ಟಿಯ ಪಕ್ಕಕ್ಕೆ ವ್ಯಾಗನ್ ನಿಲ್ಲಿಸಲು ಒಂದು ಸೈಡಿಂಗ್, ಸೈಡಿಂಗಿಗೊಬ್ಬ ಕಾವಲುಗಾರ, ಅವನಿಗೊಂದು ಗುಡಿಸಲು. ಊರಿನ ಮೊದಲ ಮನೆ ಅದೇ. ಬಹಳ ವರ್ಷ ಅದಕ್ಕೆ ಹೆಸರೇ ಇರಲಿಲ್ಲ. ರೈಲಿನವರು 'ತೊಟ್ಟಿ' ಎನ್ನುತ್ತಿದ್ದರು.

ಆಮೇಲೆ ಕಲ್ಲಿದ್ದಲು. ಅಥವಾ ಮೊದಲೇ ಕಲ್ಲಿದ್ದಲು. ಪುಸ್ತಕ ಸಿಕ್ಕಿಕೊಂಡದ್ದು ಇಲ್ಲಿಯೇ. ಅವರ ತಾಯಿ ರೈಲಿನವರ ಮನೆಯವರು, ತಂದೆ ಗಣಿಯವರು. ಹಳಿಯ ಆಚೆ ಗಣಿಯವರ ಮನೆಗಳು, ಈಚೆ ರೈಲಿನವರ ಮನೆಗಳು, ಎರಡು ಕಡೆಗೂ ಬೇರೆ ಬೇರೆ ಚರ್ಚು. ರೈಲು ಬರದಿದ್ದರೆ ನಿಮ್ಮ ಕಲ್ಲಿದ್ದಲು ಗುಡ್ಡದೊಳಗೇ ಬಿದ್ದಿರುತ್ತಿತ್ತು ಎಂದು ತಾಯಿ ಊಟಕ್ಕೆ ಬಡಿಸುತ್ತ ಹೇಳುವುದು; ಕಲ್ಲಿದ್ದಲಿನ ವಾಸನೆ ಮೂಗಿಗೆ ಬಡಿಯದಿದ್ದರೆ ನಿಮ್ಮ ರೈಲು ಆ ಸಂದಿಯಲ್ಲಿ ತಲೆಯನ್ನೇಕೆ ತೂರಿಸುತ್ತಿತ್ತು ಎಂದು ತಂದೆ ಉಣ್ಣುತ್ತ ಕೇಳುವುದು. ಹಳಿಗಾಗಿ ಗುಡ್ಡ ಸೀಳಿದಾಗ ಕಪ್ಪು ಪಟ್ಟಿ ಕಂಡಿತೋ, ಕಪ್ಪು ಪಟ್ಟಿ ಇದೆ ಎಂದು ತಿಳಿದೇ ಗುಡ್ಡ ಸೀಳಿದರೋ? ಮೊದಲ ಅಧ್ಯಾಯವನ್ನು ಅವರು ಏಳು ಸಲ ಬರೆದಿದ್ದರು. ಒಂದರಲ್ಲಿ ಅಮ್ಮ ಗೆದ್ದರೆ ಇನ್ನೊಂದರಲ್ಲಿ ಅಪ್ಪ.

ಉಳಿದ ಅಧ್ಯಾಯಗಳು ಸಲೀಸಾಗಿ ಬೆಳೆದವು. ಕಂಪನಿ ಕಟ್ಟಿಸಿದ ಒಂದೇ ಅಚ್ಚಿನ ಮನೆಗಳು, ಎರಡನೆಯ ಹಳಿ, ಶಾಲೆ, ಕ್ಷೌರದ ಅಂಗಡಿ, ಸಿನಿಮಾ ಹಾಲು. ಕಲ್ಲಿದ್ದಲು ಜರಡಿ ಹಿಡಿಯುವ ಶೆಡ್ಡಿನ ದೂಳು ವಾರದ ಆರು ದಿನ ಊರ ಮೇಲೆ ಕೂರುತ್ತಿತ್ತಂತೆ. ಭಾನುವಾರ ಶೆಡ್ಡಿಗೆ ರಜೆ, ಆದರೆ ಭಾನುವಾರ ಬಟ್ಟೆ ಒಗೆಯುವುದು ಪಾಪ. "ಹಿಂಗಾಗಿ ನಮ್ಮೂರಾಗ ಬಿಳಿ ಬಟ್ಟಿ ಅನ್ನೂದ ಇರಲಿಲ್ಲ. ಮದುಮಗಳ ಗೌನ್ ಸೈತ ಬೂದಿ ಬಣ್ಣ." ಡೀಸೆಲ್ ಎಂಜಿನ್ ಬಂದ ಮೇಲೆ ನೀರು ಬೇಡವಾಯಿತು, ನಿಲ್ಲುವುದೂ ಬೇಡವಾಯಿತು. ಈಗ ರೈಲುಗಳು ಅಲ್ಲಿ ಸೀಟಿ ಹಾಕಿ ಹೋಗುತ್ತವೆ.

ಗಣಿಯ ಅಧ್ಯಾಯದಲ್ಲಿ ಒಂದು ಪ್ಯಾರಾ ಇತ್ತು. ಸುರಂಗದೊಳಗೆ ಐದಾರು ದೇಶದಿಂದ ಬಂದ ಕೂಲಿಗಳು, ಐದಾರು ಭಾಷೆ. ಚಾವಣಿ ಕುಸಿಯುವಾಗ ಒಬ್ಬ ಕೂಗಿದ ಮಾತು ಇನ್ನೊಬ್ಬನಿಗೆ ಬೇರೇನೋ ಆಗಿ ಕೇಳಿಸುತ್ತಿತ್ತು. ಅದಕ್ಕೇ ಅವರು ಬಾಯಿಂದ ಕೂಗುವುದನ್ನೇ ಬಿಟ್ಟು, ಗೋಡೆಗುಂಟ ಹೋಗುವ ಗಾಳಿಯ ಪೈಪನ್ನು ಕಬ್ಬಿಣದಿಂದ ಬಡಿಯುತ್ತಿದ್ದರು. ಮೂರು ಏಟು ಬಿದ್ದರೆ ಓಡಬೇಕು. ಅಧ್ಯಾಯ ಉದ್ದವಾಯಿತು ಎಂದು ಈ ಪ್ಯಾರಾವನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿದವಳು ನಾನು. "ವಿಷಯಕ್ಕೆ ಸಂಬಂಧವಿಲ್ಲ" ಎಂದು ಅಂಚಿನಲ್ಲಿ ಬರೆದೂ ಇದ್ದೆ.

ಊರು ಹುಟ್ಟಿದ ದಿನಗಳ ಚಿತ್ರ ಮಾತ್ರ ಎಲ್ಲೂ ಸಿಗಲಿಲ್ಲ.

"ಊರ ಇಲ್ಲದಾಗ ಫೋಟೋ ತಗಿಯೂದಕ್ಕ ಯಾರ ಬರ್ತಾರ?" ಎಂದರು ಅವರು. "ಬರೇ ಒಂದ ಸೈಡಿಂಗ್ ನೋಡಬೇಕಿತ್ತು ನನಗ. ಹಳಿ, ಗಾಡಿ, ಹುಲ್ಲು, ಸುತ್ತ ಏನೂ ಇಲ್ಲ. ಕಣ್ಣಿಗೆ ಬಿದ್ರ ಬರಿಯಾಕ ಬರ್ತೈತಿ."

ನೈರೋಬಿಯೂ ಹಾಗೆಯೇ ಹುಟ್ಟಿದ್ದಲ್ಲವೇ, ಮುಂದಿನ ಏರಿಗೆ ಮುಂಚೆ ರೈಲಿನವರು ಸಾಮಾನು ಇಳಿಸಲು ಹುಡುಕಿಕೊಂಡ ಜೌಗು ಬಯಲಿನಲ್ಲಿ ಎಂದು ನಾನು ಹೇಳಿದೆ. ಹೇಳಬಾರದಿತ್ತು. ನಮ್ಮ ಮನೆ ಸೌತ್ ಬಿ ಎಂಬ ಬಡಾವಣೆಯಲ್ಲಿ. ಅಲ್ಲಿಂದ ಸ್ವಲ್ಪ ದೂರಕ್ಕೆ, ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳ ಹಿಂದೆ, ಹಳೆಯ ಸೈಡಿಂಗುಗಳಿವೆ. ಒಂದು ಶನಿವಾರ ಬೆಳಿಗ್ಗೆ ಕರೆದುಕೊಂಡು ಹೋದೆ.

ಇಲ್ಲಿಂದ ಮುಂದಿನದನ್ನು ಒಂದಾದ ಮೇಲೊಂದರಂತೆ ಹೇಳುವುದೇ ನನಗೆ ಕಷ್ಟ.

ಎರಡು ಹಳಿಗಳಿದ್ದವು. ಎಡಗಡೆಯ ಹಳಿಯ ಮೇಲೆ ಖಾಲಿ ವ್ಯಾಗನ್‌ಗಳ ಉದ್ದ ಸಾಲು, ತುಕ್ಕು ಹಿಡಿದ ಏಣಿಗಳು. ಬಲಗಡೆಯದು ಖಾಲಿ. ಜನ ಅದರ ಮೇಲೆಯೇ ನಡೆದು ಕೆಲಸಕ್ಕೆ ಹೋಗುತ್ತಿದ್ದರು. ಹಳಿಯ ಬದಿಯಲ್ಲಿ ಒಬ್ಬಾಕೆ ಗೋಣಿ ಹಾಸಿ ಟೊಮೇಟೊ ಗುಡ್ಡೆ ಹಾಕಿಕೊಂಡಿದ್ದಳು. ನಾವು ಬಲಗಡೆಯ ಹಳಿಯ ನಡುವೆ ನಿಂತಿದ್ದೆವು. ಅವರು ಫೋನು ಎತ್ತಿ ವ್ಯಾಗನ್‌ಗಳ ಫೋಟೋ ತೆಗೆಯುತ್ತಿದ್ದರು. "ಆ ಟೊಮೇಟೊ ತಗದರ ಇದ ನಮ್ಮೂರ" ಎಂದರು. ಅಷ್ಟರಲ್ಲಿ ದೂರದಲ್ಲಿ ಕಿತ್ತಳೆ ಜಾಕೀಟಿನ ರೈಲ್ವೇ ನೌಕರನೊಬ್ಬ ಎರಡೂ ಕೈ ಬೀಸುತ್ತ ನಮ್ಮ ಕಡೆಗೆ ಓಡಿಬಂದ. ಕೂಗುತ್ತಿದ್ದ.

"ಹತ್ರಿ! ಹತ್ರಿ! ಹತ್ರಿ!"

ನನಗೆ ಕೇಳಿಸಿದ್ದು ಅದು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಅಲುಗಿದ ಕೂಡಲೇ ಇಡೀ ಪ್ಲಾಟ್‌ಫಾರ್ಮು ಕೂಗುತ್ತಿದ್ದ ಮಾತು. "ಹತ್ರಿ, ಹತ್ರಿ, ಗಾಡಿ ಬಿಡ್ತು!" ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ಕೊನೆಯವರೆಗೆ ಚಹಾ ಕುಡಿಯುತ್ತ ನಿಂತಿರುತ್ತಿದ್ದರು, ಆ ಕೂಗು ಕೇಳಿದೊಡನೆ ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಸೆಯುತ್ತಿದ್ದರು. ಆ ಕೂಗಿಗೆ ನನ್ನ ಕಾಲು ಯೋಚಿಸುವುದಿಲ್ಲ. ನಾನು ಪಕ್ಕದ ವ್ಯಾಗನ್ನಿನ ಏಣಿ ಹಿಡಿದು ಹತ್ತಿದೆ. ಹತ್ತಿ, ಬಗ್ಗಿ, ಅವರ ಕೈ ಹಿಡಿದು ಎಳೆದುಕೊಂಡೆ. ಅವರ ಒಂದು ಕಾಲು ಮೆಟ್ಟಿಲ ಮೇಲೆ ಬಂತು.

ಆಗ ಎಲ್ಲೋ ಸಾಲಿನ ಆ ತುದಿಯಲ್ಲಿ ಎಂಜಿನ್ ಬಂದು ತಾಗಿತು. ಆ ಏಟು ವ್ಯಾಗನ್ನಿಂದ ವ್ಯಾಗನ್ನಿಗೆ ದಡದಡನೆ ಹಾರುತ್ತ ಬಂದು ನಮ್ಮದನ್ನು ಒದ್ದು ಮುಂದೆ ಹೋಯಿತು. ಅವರ ಕಾಲು ಜಾರಿತು. ಅವರು ನನ್ನ ಕೈಯಲ್ಲಿ ಜೋತಾಡುತ್ತಿದ್ದರು, ಚಕ್ರಗಳು ಅವರ ಬೂಟಿನ ಪಕ್ಕದಲ್ಲಿ ಉರುಳುತ್ತಿದ್ದವು. ಎಷ್ಟು ದೂರ ಹೋಯಿತೋ ತಿಳಿಯದು. ಟೊಮೇಟೊದಾಕೆ ಓಡಿಬಂದು ಅವರ ಸೊಂಟ ತಬ್ಬಿ ಹೊರಕ್ಕೆ ಕಿತ್ತುಕೊಂಡಳು. ನನ್ನ ಹಿಡಿತ ಬಿಟ್ಟುಹೋಯಿತು, ಅಥವಾ ನಾನೇ ಬಿಟ್ಟೆ. ಇದೂ ಗೊತ್ತಿಲ್ಲ.

ಅವರ ಮಣಿಕಟ್ಟು ಮುರಿದಿತ್ತು. ಬೇರೇನೂ ಆಗಿರಲಿಲ್ಲ. ಟೊಮೇಟೊದಾಕೆ ತನ್ನ ಹೆಗಲ ಬಟ್ಟೆ ಬಿಚ್ಚಿ ಕೈಗೆ ತೊಟ್ಟಿಲು ಕಟ್ಟುತ್ತ "ಪೋಲೆ, ಮಾಮಾ, ಪೋಲೆ", ಪಾಪ ಅಮ್ಮಾ ಪಾಪ, ಎಂದು ಸಂತೈಸುತ್ತಿದ್ದಳು. ಕಿತ್ತಳೆ ಜಾಕೀಟಿನವನು ನನ್ನೆದುರು ನಿಂತು ಏದುಸಿರು ಬಿಡುತ್ತಿದ್ದ. ಸ್ವಾಹಿಲಿಯಲ್ಲಿ ಗದರಿದ: ನಾನು 'ಹತಾರಿ' ಅಂದೆ, ನೀನು ಯಾಕೆ ಹತ್ತಿದೆ? ನಾನು ಹತಾರಿ ಅಂದೆ!

ಹತಾರಿ ಎಂದರೆ ಅಪಾಯ.

ಸೌತ್ ಬಿಯ ನಮ್ಮ ಗೇಟಿನ ಪಕ್ಕದ ಕರೆಂಟಿನ ಪೆಟ್ಟಿಗೆಯ ಮೇಲೆ ಹಳದಿ ತಗಡಿದೆ. ತಲೆಬುರುಡೆಯ ಚಿತ್ರ, ಕೆಳಗೆ ಆ ಪದ. ಆರು ವರ್ಷದಿಂದ ದಿನಕ್ಕೆರಡು ಸಲ ಓದಿದ್ದೇನೆ. ಕಣ್ಣಿಗೆ ಗೊತ್ತಿದ್ದದ್ದು ಕಿವಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಹೇಳಿದಾಗ ನನ್ನ ಮಗಳು ಕಣ್ಣರಳಿಸಿ, "ಮಮ್ಮಿ, ಇಟ್ಸ್ ಆನ್ ಅವರ್ ಗೇಟ್!" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗಂಡ ಮೈಸೂರಿನವನು. ನನ್ನ ಮುಖ ನೋಡಿ ನಗಿಸಲು ಹೊರಟ.

"ನೋಡು, ಇದಕ್ಕೇ ಮೈಸೂರು ಕನ್ನಡ ಕಲಿ ಅಂತ ಬಡ್ಕೊಂಡಿದ್ದು. ನಾವು 'ಹತ್ತಿ' ಅಂತೀವಿ. ಆಗ ನೀನು ಹತ್ತಿ, ಅರಳೆ, ಸೀರೆ ಅಂತ ಯೋಚ್ನೆ ಮಾಡ್ತಾ ಅಲ್ಲೇ ನಿಂತಿರ್ತಿದ್ದೆ. ಸೇಫ್."

"ನಗೂ ವಿಷಯನ ಇದು?"

"ಅಲ್ಲ ಕಣೇ. ಆದ್ರೆ ಏನ್ಮಾಡ್ಲಿ, ನೀನು ಅನ್ನ ಕಲಸಿ ಕಲಸಿ ಗಂಜಿ ಮಾಡಿದ್ದೀಯ." ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಅವರಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಆಸ್ಪತ್ರೆಗೆ ಬಂದ ಅವರ ಮಗಳು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, ನೀನಿಲ್ಲದಿದ್ದರೆ ಅಮ್ಮ ಉಳಿಯುತ್ತಿರಲಿಲ್ಲ ಎಂದಿದ್ದಳು. ಎಂಜಿನ್ ನಾವು ನಿಂತಿದ್ದ ಹಳಿಯ ಮೇಲೆಯೇ ಬರುತ್ತಿತ್ತು, ನಾನು ಅವರನ್ನು ಪಕ್ಕಕ್ಕೆಳೆದೆ ಎಂದು ಅಮ್ಮ ಮಗಳಿಬ್ಬರೂ ತಿಳಿದಿದ್ದರು. ಮರುದಿನ ಬಾಳೆಹಣ್ಣಿನ ಕೇಕು ಬಂತು. ಗಂಡ ಮಗಳು ತಿಂದರು. ಇಬ್ಬರಿಗೂ ಕಾಫಿ ಮಾಡಿಕೊಟ್ಟು ನಾನು ಅಡುಗೆಮನೆಯಲ್ಲೇ ಉಳಿದೆ.

ಆ ಮೂರು ವಾರ ಅದೇ ದೃಶ್ಯ. ಬಸ್ಸಿನಲ್ಲಿ, ಕಚೇರಿಯಲ್ಲಿ, ಕುಕ್ಕರ್ ಕೂಗುವಾಗ. ಒಂದು ಸಲ ಕೂಗು ಮೊದಲು, ಹತ್ತಿದ್ದು ಆಮೇಲೆ, ಎಂಜಿನ್ ಕೊನೆಗೆ. ಇನ್ನೊಂದು ಸಲ ಎಂಜಿನ್ನಿನ ಹಳದಿ ಮೂತಿ ಮೊದಲು ಕಾಣಿಸುತ್ತದೆ. ಯಾವ ಹಳಿ ಎಂದು ತಿಳಿಯದೆ ಹೆದರಿ ಹತ್ತುತ್ತೇನೆ. ಕೂಗು ಆಮೇಲೆ ಬರುತ್ತದೆ. ಎಂಜಿನ್ ಮೊದಲಾದರೆ ನನ್ನದು ಯಾರೂ ಮಾಡಬಹುದಾದ ತಪ್ಪು ಲೆಕ್ಕಾಚಾರ. ಕೂಗು ಮೊದಲಾದರೆ ನನ್ನ ಕಿವಿ ಎಪ್ಪತ್ತಾರು ವರ್ಷದ ಮುದುಕಿಯನ್ನು ಚಕ್ರದ ಪಕ್ಕಕ್ಕೆ ಎಳೆದೊಯ್ದಿತು. ಇತಿಹಾಸ ಓದಿದವಳು ನಾನು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬೇರೆಯವರ ಪುಟಗಳ ಅಂಚಿನಲ್ಲಿ ಪ್ರಶ್ನೆ ಬರೆಯುವುದೇ ನನ್ನ ಕೆಲಸ. ಏಣಿಯ ತುಕ್ಕು ಅಂಗೈಗೆ ಒರಟಾಗಿ ತಾಗಿದ್ದು ಮಾತ್ರ ಎರಡರಲ್ಲೂ ಒಂದೇ.

ಒಂದು ಬೆಳಿಗ್ಗೆ ಒಬ್ಬಳೇ ಅಲ್ಲಿಗೆ ಹೋಗಿ ಟೊಮೇಟೊದಾಕೆಯನ್ನು ಕೇಳಿದೆ. ಗುರುತು ಹಿಡಿದು ನಕ್ಕಳು. ಅವಳಿಗೆ ಅನುಮಾನವೇ ಇರಲಿಲ್ಲ. ಎಂಜಿನ್ ಬಂದದ್ದು ವ್ಯಾಗನ್‌ಗಳಿದ್ದ ಹಳಿಯ ಮೇಲೆ. ಎಂಜಿನ್ ಬಂದು ವ್ಯಾಗನ್ ತಳ್ಳುವ ಶಂಟಿಂಗಿನ ಹೊತ್ತಿನಲ್ಲಿ ವ್ಯಾಗನ್ ಹತ್ತಿರ ಇರಬೇಡಿ ಎಂದು ಅವನು ಕೂಗಿದ್ದು. ನಿಂತಲ್ಲೇ ನಿಂತಿದ್ದರೆ? ಅವಳು ಭುಜ ಕುಣಿಸಿದಳು. "ಸವಾ." ಏನೂ ಆಗುತ್ತಿರಲಿಲ್ಲ. ಒಂದು ಕಿಲೋ ಟೊಮೇಟೊ ಕೊಂಡು ಬಂದೆ.

ಅದೇ ವಾರ ಅವರು ಕೃತಜ್ಞತೆಯ ಪುಟ ಕಳಿಸಿದರು. ಬಲಗೈ ಪ್ಲಾಸ್ಟರಿನಲ್ಲಿ, ಎಡಗೈಯಲ್ಲಿ ಬರೆದ ಅಕ್ಷರಗಳು ಮಗುವಿನ ಅಕ್ಷರದಂತೆ ಒಂದರ ಮೇಲೊಂದು ಬಿದ್ದಿದ್ದವು. ಶುಕ್ರವಾರ ಪುಸ್ತಕ ಅಚ್ಚಿಗೆ ಹೋಗಬೇಕು. ಅಷ್ಟೂ ಪುಟಗಳಲ್ಲಿ ಒಂದು ಮಾತು ಸುಳ್ಳು, ಅದು ನನ್ನನ್ನು ಕುರಿತದ್ದು, ಅದು ಸುಳ್ಳೆಂದು ತಿಳಿದವಳು ಅದನ್ನು ತಿದ್ದುವವಳು. ಸುಮ್ಮನಿದ್ದರೆ ಆ ಬೆಟ್ಟದ ಊರಿನಲ್ಲಿ ನಾನೊಬ್ಬ ಧೀರೆ. ಯಾರಿಗೂ ನಷ್ಟವಿಲ್ಲ. ಹಾಗಂದುಕೊಂಡು ಟೈಪು ಮಾಡಿದೆ, ಅಳಿಸಿದೆ, ಮತ್ತೆ ಟೈಪು ಮಾಡಿದೆ.

ಗುರುವಾರ ಅವರ ಮೇಜಿಗೆ ಕೂತು ಕೊನೆಯ ಸಲ ಎಲ್ಲವನ್ನೂ ಓದಿ ಹೇಳಿದೆ. ಆ ಸಾಲಿಗೆ ಬಂದು ನಿಂತೆ.

"ಯಾಕ? ಸ್ಪೆಲಿಂಗ್ ತಪ್ಪೇನ?"

"ಅಲ್ರಿ. ಅರ್ಥಮಾಡಿಕೊಂಡು ಅಂತ ಬರದೀರಿ. ನಾ ಅರ್ಥ ಮಾಡಿಕೊಂಡಿರಲಿಲ್ಲ."

ಹೇಳಿದೆ. ಅವನು ಕೂಗಿದ ಮಾತು, ನನಗೆ ಕೇಳಿಸಿದ ಮಾತು, ಹುಬ್ಬಳ್ಳಿಯ ಪ್ಲಾಟ್‌ಫಾರ್ಮು, ಅಪ್ಪನ ಕೈ. ಎಂಜಿನ್ ಯಾವ ಹಳಿಯ ಮೇಲಿತ್ತು ಎಂಬುದನ್ನೂ.

ಅವರು ಪ್ಲಾಸ್ಟರಿನ ಅಂಚಿನಲ್ಲಿ ಎದ್ದ ನೂಲನ್ನು ಎಳೆಯುತ್ತ ಕೂತಿದ್ದರು. "ಹಂಗಾದ್ರ, ನಿಂತಲ್ಲೇ ನಿಂತಿದ್ರ?"

"ಏನೂ ಆಗ್ತಿರಲಿಲ್ಲ."

ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಅವರು ನನ್ನ ಕಡೆ ನೋಡಲಿಲ್ಲ.

"ಹತಾರಿ ಅಂದ್ರೇನಂತ ನನಗ ಗೊತ್ತಿತ್ತು" ಎಂದರು. "ಇಲ್ಲಿಗೆ ಬಂದ ಮೊದಲನೇ ವಾರ ಮಗಳು ಕಲಿಸಿದ ಆರು ಶಬ್ದದಾಗ ಅದೂ ಒಂದು. ನಾ ಸರಿಯಾಗೇ ಕೇಳಿಸಿಕೊಂಡೆ."

"ಮತ್ತ ಯಾಕ ಹತ್ತಿದ್ರಿ?"

"ನೀ ಹತ್ತಿದ್ಯಲ್ಲ." ಈಗ ಅವರ ದನಿ ಗಡುಸಾಗಿತ್ತು. "ಅಪಾಯ ಅಂತ ನನಗ ಗೊತ್ತಿತ್ತು. ಎಲ್ಲಿಂದ ಅಂತ ನಿನಗ ಗೊತ್ತಿರಬೇಕು ಅಂದ್ಕೊಂಡೆ. ರೈಲ್ವೇದವರ ಮಗಳು. ಒಂದು ಚೂರೂ ಅನುಮಾನ ಇಲ್ಲದಂಗ ಹತ್ತಿದಿ ನೀ."

ಕ್ಷಮೆ ಕೇಳಿದೆ. ಅವರು ಹಾಳೆಗಳನ್ನು ಎಡಗೈಯಿಂದ ತಮ್ಮ ಕಡೆಗೆ ಎಳೆದುಕೊಂಡು ಒಂದೊಂದಾಗಿ ಮಗುಚತೊಡಗಿದರು. ಏನು ಹುಡುಕುತ್ತಿದ್ದಾರೆಂದು ಗೊತ್ತಾಗಲಿಲ್ಲ. ಗಣಿಯ ಅಧ್ಯಾಯಕ್ಕೆ ಬಂದು, ನನ್ನ ಪೆನ್ಸಿಲ್ ಗೆರೆಯ ಮೇಲೆ ಬೆರಳಿಟ್ಟರು.

"ಇದಕ್ಕ ನಮ್ಮವರು ಪೈಪ್ ಬಡೀತಿದ್ರು, ಹನಿ."

ಅಂಚಿನಲ್ಲಿ ನನ್ನದೇ ಅಕ್ಷರ: ವಿಷಯಕ್ಕೆ ಸಂಬಂಧವಿಲ್ಲ. ರಬ್ಬರು ಕೇಳಿದೆ. ಅವರು ಕೊಟ್ಟರು. ಅಳಿಸಿದೆ.

ಆಮೇಲೆ ಆ ಸಾಲು. 'ಅರ್ಥಮಾಡಿಕೊಂಡು' ಎಂಬುದನ್ನು ತೆಗೆದೆ. ಓದಿದರೆ ಇನ್ನೂ ಮೋಸವಾಯಿತು: "ಕೂಗನ್ನು ಕೇಳಿ ನನ್ನನ್ನು ಮೇಲಕ್ಕೆಳೆದುಕೊಂಡ ಗೆಳತಿಗೆ." ಎರಡು ನಿಜಗಳು ಪಕ್ಕಪಕ್ಕ ಕೂತು ಮೊದಲಿನ ಸುಳ್ಳನ್ನೇ ಹೇಳುತ್ತಿದ್ದವು. ಇಡೀ ಸಾಲನ್ನೇ ತೆಗೆಯೋಣವೆಂದೆ. ಅವರು ಒಪ್ಪಲಿಲ್ಲ. "ಟೈಪ್ ಮಾಡಿದವಳಿಗೆ ಥ್ಯಾಂಕ್ಸ್ ಹೇಳದ ಇರಾಕ ಬರ್ತದನ? ನೀನ ಬರಿ. ಆದದ್ದ ಬರಿ."

ಬರೆದೆ: "ಅವನು ಅಪಾಯ ಎಂದು ಕೂಗಿದ. ನನ್ನ ಗೆಳತಿಗೆ ಹತ್ತಿರಿ ಎಂದು ಕೇಳಿಸಿತು. ಇಬ್ಬರೂ ಹತ್ತಿದೆವು. ಆಕೆಗೆ ನನ್ನ ವಂದನೆ." ಅವರು ಎರಡು ಸಲ ಓದಿಸಿಕೊಂಡರು. ನಗಲಿಲ್ಲ. "ಊರಿನವರಿಗೆ ತಿಳೀತದ" ಎಂದರು.

ಶುಕ್ರವಾರ ಬೆಳಿಗ್ಗೆ ಕಳಿಸಿಬಿಟ್ಟೆ. ಕಳಿಸಿದ ಗಳಿಗೆಯಲ್ಲೇ ಎಂಜಿನ್ನಿನ ಹಳದಿ ಮೂತಿ ಕಣ್ಣ ಮುಂದೆ ಬಂತು, ಕೂಗಿಗಿಂತ ಮೊದಲು. ಕೇಳಿಸಿತು ಎಂದು ಅಷ್ಟು ಖಚಿತವಾಗಿ ಬರೆದೆನಲ್ಲ; ನಿಜವಾಗಿ ಕೇಳಿಸಿಯೇ ಹತ್ತಿದೆನೇ, ಹತ್ತಿದ ಮೇಲೆ ಕೇಳಿಸಿತೇ? ಅವರಿಗೆ ಫೋನು ಮಾಡಿ ಹೇಳಿದೆ.

"ಏಳು ಸಲ ಬರದೀನಿ ನಾನು ಮೊದಲನೇ ಅಧ್ಯಾಯ" ಎಂದರು ಅವರು. "ನಿಂದು ಇನ್ನೂ ಒಂದ ಸಲ ಆತು. ಗುರುವಾರ ಬರ್ತೀಯಿಲ್ಲೋ?"

ಬರುತ್ತೇನೆ ಎಂದೆ.